ಕೌದಿ ಹೊದ್ದ ಕೂಸು

ಆದೋನಿಯಲ್ಲಿ ಪಾರ್ಕು ಇದೆ ಅಂದರೆ ಆದೋನಿಯವರೇ ನಗುತ್ತಿದ್ದರು. ಆದರೆ ಇತ್ತು. ಕೋಟೆ ಬೆಟ್ಟದ ಬುಡದಲ್ಲಿ, ಮನೆಯಷ್ಟೆತ್ತರದ ಗುಂಡುಕಲ್ಲುಗಳ ಪಕ್ಕದಲ್ಲಿ, ನವಾಬರ ಕಾಲದ ಒಂದು ಹಾಳು ತೋಟ. ಯಾವನೋ ಕಲೆಕ್ಟರು ಬರುತ್ತಾನೆಂದು ಮುನಿಸಿಪಾಲಿಟಿಯವರು ಅದನ್ನು ಒಂದು ವರ್ಷ ಕಡಿದು, ಬಳಿದು, ನಾಲ್ಕು ಕಲ್ಲುಬೆಂಚು ಹಾಕಿಸಿ, ನಡುವೆ ಕಮಲದ ಕಾರಂಜಿ ಕಟ್ಟಿಸಿ, ಮುಂದೆ ಕಬ್ಬಿಣದ ಗೇಟು ನಿಲ್ಲಿಸಿದ್ದರು. ಕಲೆಕ್ಟರು ಬಂದ, ಕಾರಂಜಿ ಅರ್ಧ ಗಂಟೆ ಚಿಮ್ಮಿತು, ಕಲೆಕ್ಟರು ಹೋದ. ಕುಡಿಯುವುದಕ್ಕೇ ನೀರಿಲ್ಲದ ಊರಲ್ಲಿ ಆಮೇಲೆ ಕಾರಂಜಿಗೆ ನೀರು ಬಿಡುವವರು ಯಾರು? ಗೇಟನ್ನು ಯುದ್ಧಕ್ಕೆ ಕಬ್ಬಿಣ ಬೇಕೆಂದು ಕಿತ್ತೊಯ್ದರು. ಉಳಿದದ್ದು ಜಾಲಿ, ಬೇವು, ಸೀತಾಫಲದ ಗಿಡಗಳು ಮತ್ತು ಯಾರದೋ ನಾಲ್ಕು ಆಡು.

ಅಲ್ಲಿಗೆ ಯಾರೂ ಹೋಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕೊಟ್ರಮ್ಮ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಆ ವರ್ಷ ಚೈತ್ರದಲ್ಲಿ ಊರಿಗೆ ದೊಡ್ಡಮ್ಮ ಬಂದಿದ್ದಳು. ಸಿಡುಬು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ದೊಡ್ಡಮ್ಮ ಎನ್ನಬೇಕು, ಆಡುತ್ತಾಳೆ ಎನ್ನಬೇಕು, ಆಡಿದ ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಬೇಕು. ಕೊಟ್ರಮ್ಮ ಆ ತೊಪ್ಪಲು ಕಂಡರೆ ಓಣಿಯನ್ನೇ ಬದಲಿಸುತ್ತಿದ್ದಳು. ಹತ್ತಿ ವ್ಯಾಪಾರಿ ಏಕಾಂತಪ್ಪನ ತಾಯಿ, ಗಟ್ಟಿ ಹೆಂಗಸು, ಮನೆಯ ಕೀಲಿಕೈ ಗೊಂಚಲನ್ನು ಐವತ್ತೈದು ದಾಟಿದರೂ ತನ್ನ ಸೊಂಟದಿಂದ ಬಿಚ್ಚಿದವಳಲ್ಲ. ದಲಾಲಿಗಳಿಗೆಲ್ಲ ಜೋರು ಮಾಡುವ ಆ ಬಾಯಿ ಬೇವಿನ ತೊಪ್ಪಲು ಕಟ್ಟಿದ ಬಾಗಿಲ ಮುಂದೆ ಮುಚ್ಚಿಹೋಗುತ್ತಿತ್ತು. ಜನ ಇಲ್ಲದ ಕಡೆ ಅಮ್ಮನೂ ಇರುವುದಿಲ್ಲ ಎಂಬುದು ಅವಳ ಲೆಕ್ಕ. ಊರ ದಕ್ಷಿಣಕ್ಕೆ, ಎಡೆ ಇಟ್ಟು ಅಮ್ಮನನ್ನು ಊರಾಚೆ ಕಳಿಸಿಕೊಡುವ ಗಡಿಕಲ್ಲಿನ ದಾರಿಯನ್ನಂತೂ ಅವಳು ತಿಂಗಳಿಂದ ತುಳಿದಿರಲಿಲ್ಲ. ಪಾರ್ಕು ಇದ್ದದ್ದು ಉತ್ತರಕ್ಕೆ.

ಗುರುಶಾಂತಿಗೆ ನಾಲ್ಕು ವರ್ಷ. ಅವಳಿಗೆ ಆ ಹಾಳು ತೋಟ ಒಂದು ದೇಶವೇ ಆಗಿತ್ತು. ದಿನಕ್ಕೊಂದು ಮೂಲೆ ಕಂಡುಹಿಡಿಯುತ್ತಿದ್ದಳು. ಒಂದು ಗುಂಡು ಆನೆ, ಇನ್ನೊಂದು ಆನೆಯ ಗಂಡ. ಕಾರಂಜಿಯ ತೊಟ್ಟಿ ಅಡಿಗೆಮನೆ, ಅಲ್ಲಿ ಬೇವಿನ ಹೂವಿನ ಅನ್ನ, ಆಡಿನ ಹಿಕ್ಕೆಯ ಉಂಡಿ. ಒಂದು ದಿನ ನೀಲಿ ಹೂವು ಬರೆದ ಪಿಂಗಾಣಿ ಬಿಲ್ಲೆಯ ಚೂರು ಸಿಕ್ಕಿತು, ಒಂದು ದಿನ ಹಾವಿನ ಪೊರೆ. ಕೊಟ್ರಮ್ಮ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂರುತ್ತಿದ್ದಳು. ಮನೆಯಲ್ಲಿ ಅತ್ತೆಯಾದವಳು ಕಾಲು ಚಾಚುವಂತಿಲ್ಲ, ಇಲ್ಲಿ ಕೇಳುವವರಿಲ್ಲ. ಸುಳ್ಳೇಕೆ, ಅವಳಿಗೂ ಅಲ್ಲಿ ಖುಷಿ ಇತ್ತು.

ಆ ಸೋಮವಾರ ಬೆಳಿಗ್ಗೆ ಕೂಸು ಹಳೇ ಪಂಪಿನ ಕೋಣೆಯ ಹಿಂದಕ್ಕೆ ಹೋಯಿತು. ಅಲ್ಲಿಯವರೆಗೆ ಅವರಿಬ್ಬರೂ ಹೋಗಿರಲಿಲ್ಲ, ಜಾಲಿ ಅಡ್ಡ ಬೆಳೆದಿತ್ತು. ಸ್ವಲ್ಪ ಹೊತ್ತು ಹಾಡುವ ದನಿ ಕೇಳಿತು. ಆಮೇಲೆ ನಿಂತಿತು.

"ಶಾಂತೀ," ಎಂದಳು ಕೊಟ್ರಮ್ಮ. "ಎಲ್ಲಿ ಹೋದಿ?"

ಆ ಕಡೆ ಒಂದು ಬತ್ತಿದ ಬಾವಿ ಇದೆಯೆಂಬುದು ಅವಳಿಗೆ ಆಗ ನೆನಪಾಯಿತು. ಮಂಡಿನೋವಿನ ಹೆಂಗಸು ಹೇಗೆ ಎದ್ದಳೋ, ಹೇಗೆ ಓಡಿದಳೋ ಆ ಶಿವನಿಗೇ ಗೊತ್ತು. ಜಾಲಿಮುಳ್ಳು ಸೀರೆಯನ್ನು ಹಿಡಿದೆಳೆಯಿತು, ಎಳೆದುಕೊಂಡೇ ನುಗ್ಗಿದಳು. ಅಷ್ಟರಲ್ಲಿ ಪಂಪಿನ ಕೋಣೆಯ ಮರೆಯಿಂದ ಕೂಸೇ ಎದುರಿಗೆ ಬಂದಿತು. ತಲೆಯ ಮೇಲಿಂದ ಕಾಲತನಕ ಒಂದು ಹಳೇ ಕೌದಿ ಹೊದ್ದುಕೊಂಡಿತ್ತು, ಮುಖ ಮಾತ್ರ ಕಾಣುತ್ತಿತ್ತು.

"ಅಜ್ಜಿ, ನಾ ಮದಲಗಿತ್ತಿ ಆಗೀನಿ," ಎಂದಿತು.

ಬಾವಿಗೆ ಬಿದ್ದಿಲ್ಲ ಎಂದು ಕೊಟ್ರಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು, ಕೌದಿಯ ಸಮೇತ. ತಬ್ಬಿಕೊಂಡ ಮೇಲೆ ಕೌದಿಯ ಮೇಲೆ ಒಣಗಿದ ಅರಿಶಿನದ ಕಲೆ ಕಂಡಳು. ಕೂಸಿನ ಕೂದಲಲ್ಲಿ ಬಾಡಿದ ಬೇವಿನ ಎಲೆ ಕಂಡಳು. ತಲೆಯೆತ್ತಿ ನೋಡಿದರೆ ಗೋಡೆಯ ಬುಡದಲ್ಲಿ ಹೊಸ ಮೊರ, ಮೊರದಲ್ಲಿ ಹಸಿರು ಬಳೆ, ಕುಂಕುಮ, ಇರುವೆ ಮುತ್ತಿದ ಮೊಸರನ್ನ, ಪಕ್ಕದಲ್ಲಿ ಒಡೆದ ಗಡಿಗೆ, ಒಂದು ಸಣ್ಣ ಅಂಗಿ. ಬೇವಿನ ಕೊಂಬೆ ರಾಶಿ ಬಿದ್ದಿತ್ತು. ಯಾವುದೋ ಮನೆಯವರು ತಮ್ಮ ಮನೆಯ ದೊಡ್ಡಮ್ಮನಿಗೆ ಎಡೆ ಇಟ್ಟು, ಅವಳು ಮಲಗಿದ ಹಾಸಿಗೆಯ ಸಮೇತ ಇಲ್ಲಿಗೆ ತಂದು ಕಳಿಸಿಕೊಟ್ಟು ಹೋಗಿದ್ದರು.

ಕೊಟ್ರಮ್ಮ ಕೌದಿಯನ್ನು ಕಿತ್ತು ಎಸೆದಳು. ತನ್ನ ಸೆರಗಿನಿಂದ ಕೂಸಿನ ಮುಖ, ಕೈ, ಕುತ್ತಿಗೆ ಒರೆಸಿದಳು, ಅದೇ ಸೆರಗಿನಿಂದ ತನ್ನ ಬೆವರೂ ಒರೆಸಿಕೊಂಡಳು. ಮೊರದ ಕಡೆ ತಿರುಗಿ ಎರಡೂ ಕೆನ್ನೆ ಬಡಿದುಕೊಂಡು, "ಗೊತ್ತಿಲ್ಲದ ಕೂಸು ತಾಯಿ, ಹೊಟ್ಟೀಗ ಹಾಕ್ಕೋ," ಎಂದಳು. ಆಮೇಲೆ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ದಾರಿ ಹಿಡಿದಳು.

"ಅಜ್ಜಿ, ನನ್ನ ಹಸರು ಬಳಿ," ಎಂದು ಕೂಸು ಅಳುತ್ತಿತ್ತು. "ಆ ಬಳಿ ಬೇಕು."

"ನಾ ಕೊಡಸ್ತೀನಿ. ಹತ್ತು ಡಜನ್ ಕೊಡಸ್ತೀನಿ. ಮನ್ಯಾಗ ಮಾತ್ರ ಯಾರಿಗೂ ಹೇಳಬ್ಯಾಡ. ಅವ್ವಗ ಹೇಳಿದಿ ಅಂದ್ರ ಮತ್ತ ಪಾರ್ಕಿಗೆ ಕರಕೊಂಡು ಹೋಗಂಗಿಲ್ಲ."

ಹಿತ್ತಲಲ್ಲಿ ಬಿಸಿನೀರು ಸುರಿದು, ಸೀಗೆಪುಡಿ ಹಾಕಿ, ಕೂಸಿನ ಚರ್ಮ ಕೆಂಪಾಗುವ ಹಾಗೆ ತಿಕ್ಕಿದಳು. ಸೊಸೆ ಅಕ್ಕನಾಗಮ್ಮ ಬಾಗಿಲಲ್ಲಿ ನಿಂತು ನೋಡಿದಳು. ತಾಯಿ ಕಾಲು ಮುರಿದುಕೊಂಡು ಮಲಗಿದ್ದಳೆಂದು ಮಗಳನ್ನು ಅತ್ತೆಯ ಹತ್ತಿರವೇ ಬಿಟ್ಟು ಎರಡು ತಿಂಗಳು ತವರೂರು ಮದ್ದಿಕೇರದಲ್ಲಿದ್ದು, ವಾರದ ಹಿಂದಷ್ಟೇ ಬಂದಿದ್ದಳು.

"ಈಗ ಯಾಕ ಜಳಕ, ಅತ್ತಿ? ಮುಂಜೇಲೆ ಮಾಡಿಸಿದ್ನಲ್ಲಾ."

"ಮಣ್ಣಾಗ ಹೊರಳ್ಯಾಡಿ ಬಂದೈತಿ. ನೀ ಒಳಗ ಹೋಗು."

ಅಕ್ಕನಾಗಮ್ಮ ಹೋದಳು. ಅವಳಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಊರಿಗೆ ಅಮ್ಮ ಬಂದರೂ ತನ್ನ ಮಗಳಿಗೆ ಏನೂ ಆಗುವುದಿಲ್ಲವೆಂದು ಅವಳು ನಿಶ್ಚಿಂತೆಯಾಗಿದ್ದಳು, ಯಾಕೆಂದರೆ ಗುರುಶಾಂತಿಗೆ ಮಾಘದಲ್ಲೇ ಅಮ್ಮ ಬಾರದಂತೆ ತೋಳಿಗೆ ಹಚ್ಚುವ ಟೀಕಾ ಹಾಕಿಸಿ ಆಗಿತ್ತು. ಮುನಿಸಿಪಾಲಿಟಿಯ ಟೀಕಾ ಚಂದ್ರಣ್ಣನ ಪುಸ್ತಕದಲ್ಲೂ ಹಾಗೇ ಬರೆದಿತ್ತು.

ಆಗಿರಲಿಲ್ಲ. ಅದು ಗೊತ್ತಿದ್ದದ್ದು ಈ ಭೂಮಿಯ ಮೇಲೆ ಕೊಟ್ರಮ್ಮ ಒಬ್ಬಳಿಗೇ. ಚಂದ್ರಣ್ಣ ಬಂದಿದ್ದು ನಿಜ, ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿ, ಕೂಸಿನ ತೋಳಿಗೆ ನಾಲ್ಕು ಕಡೆ ಗೀರಿ ಮದ್ದು ಹಚ್ಚಿದ್ದು ನಿಜ. "ಒರಸಬ್ಯಾಡ್ರಿ ಅಮ್ಮಾ, ಆರಲಿ," ಎಂದು ಹೇಳಿಯೂ ಹೇಳಿದ್ದ. ಅವನು ಓಣಿಯ ತಿರುವು ದಾಟಿದ್ದೇ ತಡ, ಕೊಟ್ರಮ್ಮ ಕೂಸನ್ನು ಒಳಗೆ ಎತ್ತಿಕೊಂಡು ಹೋಗಿ ಹುಣಸೆ ನೀರಿನಿಂದ ತೋಳು ತೊಳೆದು, ವಿಭೂತಿ ಒತ್ತಿಬಿಟ್ಟಿದ್ದಳು. ಎಂಟನೆಯ ದಿನ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಲು ಅವನು ಮತ್ತೆ ಬಂದಾಗ, ಕೂಸು ತಾಯಿಯ ಹತ್ತಿರ ಮದ್ದಿಕೇರಕ್ಕೆ ಹೋಗಿದೆ, ಗುಳ್ಳೆ ಚೆನ್ನಾಗಿ ಎದ್ದಿತ್ತು ಎಂದಳು. ದೊಡ್ಡ ಮನೆಯ ಹೆಂಗಸಿನ ಮಾತು, ಅವನು ಬರೆದುಕೊಂಡ. ಸೊಸೆ ಬಂದ ಮೇಲೆ "ತೋಳಮ್ಯಾಗ ಕಲೀನ ಇಲ್ಲಲ್ರೀ" ಎಂದಾಗ, "ನಮ್ಮ ಮನಿತನದ ಮೈಯೇ ಹಂಗ, ಕಲಿ ನಿಲ್ಲಂಗಿಲ್ಲ" ಎಂದು ಅವಳ ಬಾಯಿಯನ್ನೂ ಮುಚ್ಚಿಸಿದ್ದಳು.

ಕೊಟ್ರಮ್ಮನನ್ನು ಬೈಯುವುದು ಸುಲಭ. ಆದರೆ ಮೂವತ್ತೈದು ವರ್ಷದ ಹಿಂದೆ ಅವಳ ಚೊಚ್ಚಲು ಮಗ ಸೋಮಶೇಖರನಿಗೆ ಟೀಕಾ ಹಾಕಿಸಿದ್ದರು, ಒಂಬತ್ತನೆಯ ದಿನ ಜ್ವರದಲ್ಲಿ ಆ ಕೂಸು ಹೋಯಿತು. ಟೀಕಾದಿಂದ ಅಲ್ಲ, ಅದು ಬೇರೆ ಜ್ವರ ಎಂದು ಎಲ್ಲರೂ ಹೇಳಿದರು. ಅವಳು ಯಾರ ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಈ ಮನೆಯ ಕೂಸಿನ ಮೈಗೆ ಆ ಮದ್ದು ಇಳಿಯಬಾರದು ಎಂದು ಅವತ್ತೇ ತೀರ್ಮಾನಿಸಿದ್ದಳು. ಏಕಾಂತಪ್ಪನಿಗೂ ಚಿಕ್ಕಂದಿನಲ್ಲಿ ಹೀಗೇ ಮಾಡಿದ್ದಳು, ಅವನು ದೊಡ್ಡವನಾಗಿ ತಾನೇ ಹಾಕಿಸಿಕೊಂಡಿದ್ದ.

ಮರುದಿನ ಪಾತ್ರೆ ತಿಕ್ಕಲು ಬಂದ ಭೀಮಕ್ಕ ಸುದ್ದಿ ತಂದಳು. ಭೀಮಕ್ಕನ ಮುಖದ ತುಂಬ ಅಮ್ಮನ ಕಲೆಗಳು, ಚಿಕ್ಕವಳಿದ್ದಾಗ ಬಂದು ಹೋಗಿತ್ತು.

"ಮಗ್ಗದ ಓಣಿ ಲಿಂಗಕ್ಕನ ಹುಡುಗಿ ಶುಕ್ರವಾರ ಹೋತಂತ್ರಿ ಅಮ್ಮ. ನಾಕು ವರ್ಸದ್ದು. ಶನಿವಾರ ಎಲ್ಲಾ ಒಯ್ದು ಪಾರ್ಕಿಗೆ ಇಟ್ಟು ಬಂದ್ರು."

ಕೊಟ್ರಮ್ಮ ಕೈಯಲ್ಲಿದ್ದ ಚೆಂಬು ಕೆಳಗಿಟ್ಟಳು. "ಪಾರ್ಕಿಗೆ ಯಾಕ ಇಟ್ರು? ಗಡಿಕಲ್ಲಿಗೆ ಇಡೋದಲ್ಲೇನು?"

"ಗಡಿಕಲ್ಲು ಎಲ್ಲೈತ್ರಿ ಈಗ? ಹತ್ತಿ ಬಿಡಿಸೋ ಹೊಸ ಜಿನ್ನಿನ ಮಂದಿ ಕಾಂಪೌಂಡು ಕಟ್ಟಿ ಕಲ್ಲನ್ನ ಒಳಗ ಹಾಕ್ಕೊಂಡಾರ. ಗೇಟಿನವ ಯಾರನ್ನೂ ಬಿಡಂಗಿಲ್ಲ. ಉಗಾದಿ ಆದಮ್ಯಾಗಿಂದ ಅಮ್ಮನ್ನ ಪಾರ್ಕಿನ ಹಿಂದಕ್ಕೇ ಕಳಸ್ತಾರ್ರಿ. ಊರಿಗೆಲ್ಲಾ ಗೊತ್ತೈತಿ."

ಊರಿಗೆಲ್ಲ ಗೊತ್ತಿತ್ತು. ಬೇವು ಕಟ್ಟಿದ ಓಣಿಗಳ ಕಡೆ ತಲೆ ಹಾಕದ, ಅಮ್ಮನ ಮಾತು ಬಂದರೆ ಎದ್ದು ಹೋಗುವ ಕೊಟ್ರಮ್ಮನಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಮೊಮ್ಮಗಳನ್ನು ಅವಳು ಕೈಹಿಡಿದು ಕರೆದೊಯ್ದದ್ದು ಅಲ್ಲಿಗೇ.

ಆ ಮಂಗಳವಾರ, ಬುಧವಾರ ಅವಳು ಬದುಕಿದ್ದು ಹೇಗೆಂದು ಅವಳನ್ನೇ ಕೇಳಬೇಕು. ಕೂಸಿನ ಹಣೆ ಮುಟ್ಟಿದ್ದೇ ಮುಟ್ಟಿದ್ದು. ಬಿಸಿಲಲ್ಲಿ ಆಡಿ ಬಂದ ಹಣೆ ಬೆಚ್ಚಗಿದ್ದರೆ ನೆರಳಿಗೆ ಕೂರಿಸಿ ಮತ್ತೆ ಮುಟ್ಟಿದಳು. ಸೊಳ್ಳೆ ಕಚ್ಚಿದ ಗುರುತನ್ನು ಬೆಳಕಿಗೆ ಹಿಡಿದು ನೋಡಿದಳು. ಕೂಸು ಮಾತ್ರ ಕುಣಿಯುತ್ತಲೇ ಇತ್ತು, ಅದಕ್ಕೆ ಏನೂ ಆಗಿರಲಿಲ್ಲ. ಅಮ್ಮ ಮೈಯೊಳಗೆ ಹತ್ತು ಹನ್ನೆರಡು ದಿನ ಸುಮ್ಮನೆ ಕೂತಿದ್ದು ಆಮೇಲೆ ಏಳುತ್ತಾಳೆಂದು ಕೊಟ್ರಮ್ಮನಿಗೆ ಗೊತ್ತಿತ್ತು, ಹಾಗಾಗಿ ಕುಣಿತ ನೋಡಿದರೆ ಇನ್ನೂ ಹೆದರಿಕೆ ಆಗುತ್ತಿತ್ತು. ಹೇಳಿಬಿಡಲೇ ಎಂದು ಎರಡು ಸಲ ಅಡಿಗೆಮನೆಯ ಹೊಸಿಲ ತನಕ ಹೋದಳು. ಸೊಸೆ ತಲೆಯೆತ್ತಿ ನೋಡಿದ ಕೂಡಲೇ ಉಪ್ಪಿನ ಡಬ್ಬಿ ಕೇಳಿ ವಾಪಸು ಬಂದಳು. ಮೂವತ್ತು ವರ್ಷ ಯಾರ ಮುಂದೆಯೂ ತಪ್ಪಾಯಿತೆನ್ನದ ನಾಲಿಗೆ ಅದು, ಹೊರಳಲಿಲ್ಲ.

ಗುರುವಾರ ಬೆಳಿಗ್ಗೆ ಭೀಮಕ್ಕನನ್ನು ಕರೆದುಕೊಂಡು ಮುನಿಸಿಪಾಲಿಟಿ ಚಾವಡಿಗೆ ಹೋದಳು. ಚಂದ್ರಣ್ಣ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಭೀಮಕ್ಕನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ತಾನು ಮೇಲೆ ಹತ್ತಿ, ದನಿ ತಗ್ಗಿಸಿ ಕೇಳಿದಳು.

"ಅಲ್ಲಪ್ಪ, ಅಮ್ಮ ಮಲಗಿದ ಹಾಸಿಗಿ ಮುಟ್ಟಿದ ಕೂಸಿಗೆ ಟೀಕಾ ಹಾಕಿದ್ರ ನಡೀತೈತೇನು?"

"ಮುಟ್ಟಿ ಎಷ್ಟ್ ದಿನ ಆತಮ್ಮಾ?"

"ಮೂರು ದಿನ."

"ಮೂರು, ನಾಲ್ಕು ರೋಜುಲಾಗ ಹಾಕಿದ್ರ ಬಚಾವು ಆಗಬಹುದು. ಆಮ್ಯಾಲ ನಾನೇನ್ ಮಾಡಲಿ, ದೇವರ ಕೈಯಾಗ." ಅವನು ನಂದ್ಯಾಲದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. "ಎವರಿ ಪಾಪ? ಯಾರ ಕೂಸು?"

"ನಮ್ಮ ಓಣ್ಯಾಗಿಂದು."

"ಹಂಗಿದ್ರ ಈಗಲೇ ಕರಕೊಂಡ್ ಬರ್ರಿ. ಮಧ್ಯಾಹ್ನ ಗೋನೆಗಂಡ್ಲಕ್ಕ ಹೊಂಟೀನಿ, ಮದ್ದೂ ನನ್ನ ಜೋಡಿ ಬರ್ತದ. ತಿರುಗಿ ಬರೋದು ಹತ್ತು ದಿನಕ್ಕ." ಆಮೇಲೆ ಅವಳನ್ನು ಸಮಾಧಾನ ಮಾಡುವಂತೆ ಹೇಳಿದ, "ನೀವ್ ಯಾಕ ಅಂಜ್ತೀರಮ್ಮಾ? ನಿಮ್ಮನಿ ಪಾಪಕ್ಕ ಆಗೈತಲ್ಲ."

ಮೆಟ್ಟಿಲು ಇಳಿದು ಮನೆಯ ಕಡೆ ಹೊರಟಳು. ಕದ್ದು ಹಾಕಿಸಿಬಿಡೋಣವೆಂದು ದಾರಿಯುದ್ದಕ್ಕೂ ಯೋಚಿಸಿದಳು. ಹೇಗೆ ಕದಿಯುವುದು? ಹಸೀ ಗೀರು ತಾಯಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಮದ್ದು ಇಳಿಯಬೇಕಾದರೆ ತೋಳನ್ನು ಎಂಟು ದಿನ ಯಾರೂ ತಿಕ್ಕದಂತೆ ಕಾಯಬೇಕು, ಕಾಯಬೇಕಾದವಳು ತಾಯಿ. ಮನೆ ಬಂತು. ಅಕ್ಕನಾಗಮ್ಮ ಪಡಸಾಲೆಯಲ್ಲಿ ಜೋಳ ಆರಿಸುತ್ತಿದ್ದಳು, ಕೂಸು ಮೊರದ ಪಕ್ಕದಲ್ಲಿ ಕಾಳು ಎಣಿಸುತ್ತಿತ್ತು.

ಕೊಟ್ರಮ್ಮ ನಿಂತೇ ಹೇಳಿದಳು. ಕುಳಿತರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು. ಹುಣಸೆ ನೀರು, ವಿಭೂತಿ, ಚಂದ್ರಣ್ಣನಿಗೆ ಹೇಳಿದ ಸುಳ್ಳು, ಪಾರ್ಕು, ಕೌದಿ, ಎಲ್ಲ. ಹೇಳಿ ಮುಗಿಸಿ, "ಮಧ್ಯಾಹ್ನಕ್ಕ ಅವ ಹೊಂಟ್ಹೋಗ್ತಾನ, ನಾಗಮ್ಮ," ಎಂದಳು.

ಅಕ್ಕನಾಗಮ್ಮ ಮೊರ ಕೆಳಗಿಟ್ಟಳು. ಮಗಳನ್ನು ಎತ್ತಿಕೊಂಡು, ಚಪ್ಪಲಿಯೂ ಮೆಟ್ಟದೆ, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡದೆ, ಬಜಾರದ ನಡುವೆ ನಡೆದುಬಿಟ್ಟಳು. ಏಕಾಂತಪ್ಪನ ಹೆಂಡತಿ ಹಾಗೆ ಹೋದದ್ದನ್ನು ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಕೊಟ್ರಮ್ಮ ಹತ್ತು ಮಾರು ಹಿಂದೆ ಏದುಸಿರು ಬಿಡುತ್ತ ಹೋದಳು.

ಕೌದಿಯ ವಿಷಯ ಕೇಳಿ ಚಂದ್ರಣ್ಣ ಪುಸ್ತಕವನ್ನೂ ಕೊಟ್ರಮ್ಮನ ಮುಖವನ್ನೂ ಒಮ್ಮೆ ನೋಡಿದ. ಪೆಟ್ಟಿಗೆಯ ಹಗ್ಗ ಬಿಚ್ಚಿದ. ನಾಲ್ಕು ಗೀರು ಗೀರಿದಾಗ ಕೂಸು ಕಿರುಚಿತು, ಅಜ್ಜಿಯ ಕಡೆ ಕೈಚಾಚಿತು. ಕೊಟ್ರಮ್ಮ ಒಂದು ಹೆಜ್ಜೆ ಮುಂದಿಟ್ಟಳು.

"ನೀವು ಮುಟ್ಟಬ್ಯಾಡ್ರಿ," ಎಂದಳು ಅಕ್ಕನಾಗಮ್ಮ.

ಚಂದ್ರಣ್ಣ ಸೂಜಿ ಒರೆಸುತ್ತ, "ಅಮ್ಮಾ, ನಿಮಗೂ ಹಾಕ್ಲೇನು? ನೀವೂ ಆ ಕೌದಿ ಮುಟ್ಟೀರಿ," ಎಂದ. ಕೊಟ್ರಮ್ಮ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮೂವತ್ತೈದು ವರ್ಷದ ಭಯ ಒಂದು ಬೆಳಿಗ್ಗೆಗೆ ಹೋಗುತ್ತದೆಯೇ. "ಮುದುಕಿಗೆ ಯಾಕಪ್ಪ," ಎಂದಳು. ಅವನು ಸೊಸೆಯ ಮುಖ ನೋಡಿದ. ಅಕ್ಕನಾಗಮ್ಮ ಕೂಸಿನ ತೋಳಿಗೆ ಗಾಳಿ ಊದುತ್ತಿದ್ದಳು, ತಲೆಯೆತ್ತಲಿಲ್ಲ. ಅವನು ಪೆಟ್ಟಿಗೆ ಮುಚ್ಚಿದ.

ಆಮೇಲಿನ ದಿನಗಳಲ್ಲಿ ಅಕ್ಕನಾಗಮ್ಮ ಮಗಳನ್ನು ಸೊಂಟದಿಂದ ಇಳಿಸಲಿಲ್ಲ. ಕೊಟ್ರಮ್ಮ ಪಡಸಾಲೆಯ ಕಂಬಕ್ಕೆ ಒರಗಿ ದೂರದಿಂದಲೇ ಆ ತೋಳು ನೋಡುತ್ತಿದ್ದಳು. ಯಾವ ಗುಳ್ಳೆ ಏಳಬಾರದೆಂದು ಮಾಘದಲ್ಲಿ ತಿಕ್ಕಿ ತೊಳೆದಿದ್ದಳೋ, ಅದೇ ಗುಳ್ಳೆ ಏಳಲಿ ತಾಯಿ ಎಂದು ಈಗ ಹಗಲೆಲ್ಲ ತುಟಿ ಅಲ್ಲಾಡಿಸುತ್ತಿದ್ದಳು. ಮೂರನೆಯ ದಿನ ಏನೂ ಇಲ್ಲ. ನಾಲ್ಕನೆಯ ದಿನ ಸ್ವಲ್ಪ ಕೆಂಪು. ಆರನೆಯ ದಿನ ನಾಲ್ಕೂ ಕಡೆ ನೀರು ತುಂಬಿದ ಗುಳ್ಳೆ ಎದ್ದವು, ಕೂಸಿಗೆ ಕಣಕಣ ಜ್ವರ ಬಂತು. ಒಂಬತ್ತನೆಯ ದಿನ ಜ್ವರ ಇಳಿದು ಗುಳ್ಳೆ ಹಕ್ಕಳೆಗಟ್ಟಿತು. ಆ ಒಂಬತ್ತನೆಯ ದಿನ ಕೊಟ್ರಮ್ಮ ದೇವರ ಮನೆಯಿಂದ ಹೊರಗೆ ಬರಲೇ ಇಲ್ಲ.

ಮರುದಿನ ಅವಳ ಸೊಂಟದಲ್ಲಿ ನೋವು ಕಾಣಿಸಿತು. ಬೆನ್ನು ಮುರಿದುಹೋಗುವಂಥ ನೋವು, ತಲೆ ಸಿಡಿತ, ಮೈ ಕೆಂಡ. ಓಡಾಡಿದ ದಣಿವು ಅಂದಳು. ಮೂರನೆಯ ದಿನ ಜ್ವರ ತಗ್ಗಿತು, ಹಣೆಯ ಮೇಲೆ, ಮುಂಗೈ ಮೇಲೆ ಸಣ್ಣ ಕೆಂಪು ಬೊಟ್ಟು ಎದ್ದವು. ಭೀಮಕ್ಕ ಒಮ್ಮೆ ನೋಡಿ, ಹಿತ್ತಲಿಗೆ ಹೋಗಿ ಬೇವಿನ ಕೊಂಬೆ ಮುರಿದುಕೊಂಡು ಬಂದಳು.

ಹತ್ತಿಯ ಮೂಟೆ ಇಡುವ ಹಿತ್ತಲ ಕೋಣೆಯನ್ನು ಖಾಲಿ ಮಾಡಿಸಿದರು. ಕೊಟ್ರಮ್ಮ ತಾನೇ ನಡೆದುಕೊಂಡು ಹೋಗಿ ಚಾಪೆಯ ಮೇಲೆ ಮಲಗಿದಳು. ಹೋಗುವ ಮೊದಲು ಕೀಲಿಕೈ ಗೊಂಚಲು ಬಿಚ್ಚಿ ಕಿಟಕಿಯಲ್ಲಿಟ್ಟಳು. ಏಕಾಂತಪ್ಪ ಹೆಂಡತಿಯನ್ನೂ ಮಗಳನ್ನೂ ಎಮ್ಮಿಗನೂರಿನ ತಂಗಿಯ ಮನೆಗೆ ಬಿಟ್ಟುಬರಲು ಬಂಡಿ ಕಟ್ಟಿಸಿದ. ಭೀಮಕ್ಕ ನೋಡಿಕೊಳ್ಳುತ್ತಾಳೆ, ಅವಳಿಗೆ ಬಂದುಹೋಗಿದೆ, ಎಂದ. ಕೂಸು ಬಂಡಿಯೊಳಗೆ ಕುಳಿತು ಎತ್ತಿನ ಗಂಟೆಯ ಜೊತೆ ತಾನೂ ಗಲಗಲ ಎನ್ನುತ್ತಿತ್ತು.

ಅಕ್ಕನಾಗಮ್ಮ ಹೇಳಿಹೋಗಲೆಂದು ಕೋಣೆಯ ಬಾಗಿಲಿಗೆ ಬಂದಳು. ಕೊಟ್ರಮ್ಮ ಕಣ್ಣುಬಿಟ್ಟಳು. ರೆಪ್ಪೆಗಳು ಆಗಲೇ ಊದಿದ್ದವು.

"ಕೂಸಿನ ಮೈ ಮುಟ್ಟಿ ನೋಡಿದೇನು?"

"ನೋಡೀನ್ರಿ. ತಣ್ಣಗೈತಿ."

"ಇನ್ನೊಮ್ಮಿ ನೋಡು."

ಅಕ್ಕನಾಗಮ್ಮ ಬಂಡಿಯ ತನಕ ಹೋದಳು. ಮಗಳ ಹಣೆ, ಕುತ್ತಿಗೆ, ಹೊಟ್ಟೆ ಮುಟ್ಟಿದಳು, ತೋಳಿನ ಹಕ್ಕಳೆ ನೋಡಿದಳು. ಗಂಡನಿಗೆ ಏನೋ ಹೇಳಿದಳು, ಅವನು ಬೇಡವೆಂದು ತಲೆಯಾಡಿಸಿದ, ಅವಳು ಮತ್ತೆ ಹೇಳಿದಳು. ಗಂಡನನ್ನೂ ಕೂಸನ್ನೂ ಕೂರಿಸಿಕೊಂಡು ಬಂಡಿ ಹೊರಟಿತು. ಅವಳು ತಿರುಗಿ ಬಾಗಿಲಿಗೆ ಬಂದು, "ತಣ್ಣಗೈತ್ರಿ, ಅತ್ತಿ," ಎಂದಳು.

ಕೊಟ್ರಮ್ಮ ಉಸಿರು ಬಿಟ್ಟಳು. ಹದಿನೈದು ದಿನದಿಂದ ಎದೆಯಲ್ಲಿ ಕುಳಿತಿದ್ದ ಭಯ ಹುಡುಕಿದರೂ ಸಿಗಲಿಲ್ಲ.

"ಹಂಗಾರ ಬಾಗಲಾ ಮುಚ್ಚಿ ಹೋಗು," ಎಂದು ಗೋಡೆಯ ಕಡೆ ತಿರುಗಿದಳು.

ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಬೆನ್ನ ಹಿಂದೆ, ಚಾಪೆಯ ಅಂಚಿನಲ್ಲಿ, ಅಕ್ಕನಾಗಮ್ಮ ಕುಳಿತ ಬಳೆಯ ಸದ್ದು ಕೇಳಿಸಿತು.